ಬಾನೆಟ್ ಒಳಗಿನ ಶಬ್ದನಿರೋಧಕ ಹೊದಿಕೆ

ಪ್ರಶ್ನೆ: ನಮ್ಮ ಹಳೆಯ ಡೀಸೆಲ್ ಕಾರಿನ ಬಾನೆಟ್ ಒಳಮೈಯ ಸ್ಪಂಜಿನಂಥ ಹೊದಿಕೆ ಪುಡಿಯಾಗಿ ಎಂಜಿನ್ ಮೇಲೆ ಉದುರುತ್ತಿದೆ. ಚಾರ್ಮಾಡಿ ಘಾಟಿ ಏರುವಾಗ ಒಳಗೆ ಮಾತೇ ಕೇಳಿಸುವುದಿಲ್ಲ. ಹಾಸಿಗೆಯ ಫೋಮ್ ಕತ್ತರಿಸಿ ಅಂಟಿಸಬಹುದೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಹಾಸಿಗೆಯ ಫೋಮ್ ಬೇಗ ಬೆಂಕಿ ಹಿಡಿಯುತ್ತದೆ. ಸಿಡಿದ ಎಣ್ಣೆಯನ್ನು ಹೀರಿಕೊಳ್ಳುವುದಲ್ಲದೆ, ನಿಮ್ಮ ಕಡೆಯ ಮಳೆಗಾಲದಲ್ಲಿ ನೀರನ್ನೂ ಹಿಡಿದಿಟ್ಟುಕೊಂಡು ತಗಡಿಗೆ ತುಕ್ಕು ತರುತ್ತದೆ. ನಿಮ್ಮ ಮಾದರಿಗೆ ಕಂಪನಿಯ ಹೊದಿಕೆ ಸಿಕ್ಕರೆ ಅದೇ ಉತ್ತಮ. ಸಿಗದಿದ್ದರೆ ವಾಹನಗಳಿಗೆಂದೇ ತಯಾರಾದ, ಬೆಂಕಿ ತಡೆಯುವ, ಹೊರಮೈಗೆ ಅಲ್ಯೂಮಿನಿಯಂ ಹಾಳೆ ಇರುವ ಫೋಮ್ ಕೊಳ್ಳಿರಿ.

ಕೆಲಸದ ಬಹುಪಾಲು ಇರುವುದು ಸ್ವಚ್ಛತೆಯಲ್ಲಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಅದಕ್ಕೆ ಬಟ್ಟೆ ಹೊದಿಸಿ, ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಂಡು, ಹಳೆಯ ಪದರವನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಿರಿ. ಜಿಡ್ಡು ಉಳಿದರೆ ಹೊಸ ಅಂಟು ಬಿಸಿಗೆ ಸಡಿಲಗೊಂಡು ಹಾಳೆ ಫ್ಯಾನ್ ಬೆಲ್ಟಿನ ಮೇಲೆ ಜೋತುಬೀಳಬಹುದು. ಆದ್ದರಿಂದ ಅಂಟನ್ನಷ್ಟೇ ನಂಬದೆ, ಬಾನೆಟ್ಟಿನಲ್ಲಿ ಮೊದಲೇ ಇರುವ ರಂಧ್ರಗಳಿಗೆ ಕ್ಲಿಪ್ಪುಗಳನ್ನೂ ಹಾಕಿಸಿ. ನೀರು ಹರಿದುಹೋಗುವ ತೂತುಗಳನ್ನು ಮುಚ್ಚಬಾರದು. ದಪ್ಪ ಹೆಚ್ಚಾದಷ್ಟೂ ಒಳ್ಳೆಯದೆಂದು ಭಾವಿಸದೆ, ಬಾನೆಟ್ ಮುಚ್ಚಿದಾಗ ಹಾಳೆ ಎಂಜಿನ್ನಿಗೆ ತಾಗದಂತೆ ನೋಡಿಕೊಳ್ಳಿ.

ಇಷ್ಟರಿಂದಲೇ ಒಳಗಿನ ಸದ್ದು ಪೂರ್ತಿ ಅಡಗದು. ಬಾನೆಟ್ ಹೊದಿಕೆ ಮುಖ್ಯವಾಗಿ ಹೊರಗೆ ಕೇಳುವ ಸದ್ದನ್ನು ತಗ್ಗಿಸುತ್ತದೆ. ಕುಳಿತವರಿಗೆ ಕೇಳುವ ಸದ್ದಿನಲ್ಲಿ ಬಹಳಷ್ಟು ಡ್ಯಾಶ್‌ಬೋರ್ಡಿನ ಹಿಂದಿನ ತಗಡಿನ ಗೋಡೆಯ ಮೂಲಕ ಬರುತ್ತದೆ. ವೈರುಗಳೂ ಕೇಬಲ್ಲುಗಳೂ ಆ ಗೋಡೆಯನ್ನು ದಾಟುವಲ್ಲಿರುವ ರಬ್ಬರ್ ಬಿರಿದಿದ್ದರೆ ಬದಲಿಸಿ, ಎಂಜಿನ್ ಮೌಂಟಿಂಗುಗಳನ್ನೂ (ಎಂಜಿನ್ನನ್ನು ಗಾಡಿಗೆ ಹಿಡಿದಿಡುವ ರಬ್ಬರ್ ಆಧಾರಗಳು) ಮೆಕ್ಯಾನಿಕ್ ಬಳಿ ಪರೀಕ್ಷೆ ಮಾಡಿಸಿರಿ.