ಫ್ಲೈ ಕಟ್ಟುವಾಗ ಹಳೇ ಪ್ಯಾಟರ್ನ್‌ಗೆ ಅಂಟಿಕೊಳ್ಳಬೇಕಾ, ಸ್ವಂತದ್ದು ಮಾಡಬಹುದಾ?

ಮೀನು ಹಿಡಿಯೋ ಗಾಳಕ್ಕೆ ಗರಿ, ತುಪ್ಪಳ, ದಾರ ಸುತ್ತಿ ಫ್ಲೈ, ಅಂದರೆ ಹುಳುವಿನಂಥ ನಕಲಿ ಎರೆ, ಕಟ್ಟೋದನ್ನು ಈಗಷ್ಟೇ ಶುರು ಮಾಡಿದ್ದೀರಿ, ಪುಸ್ತಕದಲ್ಲಿ ಇರೋ ಹಾಗೇ ಕಟ್ಟಬೇಕಾ ಅಂತ ಕೇಳಿದ್ದೀರಿ. ಸ್ವಂತದ್ದು ಧಾರಾಳವಾಗಿ ಮಾಡಿ. ಆದರೆ ಹಳೇ ಫ್ಲೈನಲ್ಲಿ ಯಾವ ಭಾಗ ಏನು ಕೆಲಸ ಮಾಡುತ್ತದೆ ಅಂತ ಮೊದಲು ಕೈಗೆ ಗೊತ್ತಾಗಬೇಕು.

ಫೆಸೆಂಟ್ ಟೈಲ್ ನಿಂಫ್ ಅನ್ನೋ ಫ್ಲೈ ನೋಡಿ, ನೀರೊಳಗಿರೋ ಮೇಫ್ಲೈ ಕೀಟದ ಮರಿಹುಳುವಿನ ನಕಲು ಅದು. ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿ ಏವನ್ ನದಿಯ ಕಾವಲು ನೋಡಿಕೊಳ್ಳುತ್ತಿದ್ದ ಫ್ರಾಂಕ್ ಸಾಯರ್ ಕಟ್ಟಿದ್ದು. ಅದಕ್ಕೆ ಬೇಕಾಗಿರೋದು ಎರಡೇ ಸಾಮಾನು, ಫೆಸೆಂಟ್ ಅನ್ನೋ ಹಕ್ಕಿಯ ಹುಂಜದ ಬಾಲದ ಎಳೆ ಮತ್ತು ತೆಳ್ಳನೆ ತಾಮ್ರದ ತಂತಿ. ದಾರವೇ ಇಲ್ಲ, ತಂತಿಯೇ ಗರಿಯನ್ನು ಬಿಗಿದು ಹಿಡಿಯುತ್ತದೆ, ಅದರ ಭಾರಕ್ಕೇ ಫ್ಲೈ ಬೇಗ ಮುಳುಗುತ್ತದೆ. ಕಾಲೂ ಇಲ್ಲ, ಯಾಕೆಂದರೆ ಆ ಮರಿಹುಳು ಈಜುವಾಗ ಕಾಲನ್ನು ಮೈಗೆ ಒತ್ತಿಕೊಂಡಿರುತ್ತದೆ ಅನ್ನೋದನ್ನು ಅವರು ಕಣ್ಣಾರೆ ನೋಡಿದ್ದರು. ಆಮೇಲೆ ಅಮೆರಿಕದಲ್ಲಿ ಎದೆಭಾಗಕ್ಕೆ ನವಿಲುಗರಿ ಎಳೆ ಸುತ್ತಿ ಕಾಲನ್ನೂ ಸೇರಿಸಿದರು, ಅದಕ್ಕೂ ಟ್ರೌಟ್ ಮೀನು ಚೆನ್ನಾಗಿಯೇ ಬೀಳುತ್ತದೆ. ನೀವು ಬಣ್ಣ ಬದಲಾಯಿಸಿ, ಎಳೆ ಬದಲಾಯಿಸಿ, ಪರವಾಗಿಲ್ಲ. ತಂತಿ ಬಿಟ್ಟು ಬರೀ ದಾರದಲ್ಲಿ ಕಟ್ಟಿದರೆ ಮಾತ್ರ ನೋಡೋಕೆ ಅದೇ ಫ್ಲೈ, ನೀರಲ್ಲಿ ಬೇರೆಯೇ.

ನೀರಿನ ಮೇಲೆ ತೇಲೋ ಆಡಮ್ಸ್ ಅನ್ನೋ ಫ್ಲೈ ಕೂಡ ಹಾಗೇ. 1922ರಲ್ಲಿ ಮಿಷಿಗನ್‌ನಲ್ಲಿ ಲೆನ್ ಹ್ಯಾಲಡೇ ಕಟ್ಟಿದ್ದು, ಬೂದು ತುಪ್ಪಳದ ಮೈ, ಕಂದು ಗರಿ ಮತ್ತು ಪಟ್ಟೆ ಗರಿ ಎರಡನ್ನೂ ಸೇರಿಸಿ ಸುತ್ತಿದ ಹ್ಯಾಕಲ್, ಅಂದರೆ ಎಳೆಗಳು ಸುತ್ತಲೂ ಚಾಚಿ ನಿಲ್ಲೋ ಗರಿಯ ಸುತ್ತು. ಈಗ ಜಾಸ್ತಿ ಜನ ಕಟ್ಟೋದು ಪ್ಯಾರಾಶೂಟ್ ಆಡಮ್ಸ್, ಅದರಲ್ಲಿ ಹ್ಯಾಕಲ್ ನೆಟ್ಟಗೆ ನಿಂತ ರೆಕ್ಕೆಯ ಬುಡಕ್ಕೆ ಅಡ್ಡಲಾಗಿ ಸುತ್ತಿಕೊಳ್ಳುತ್ತದೆ, ಹಾಗಾಗಿ ಫ್ಲೈ ನೀರಿಗೆ ಅಂಟಿದ ಹಾಗೆ ಕೂರುತ್ತದೆ. ನೇರಳೆ ಮೈಯದ್ದೂ ಒಂದು ಬಂದಿದೆ. ನೇರಳೆ ಬಣ್ಣದ ಮೇಫ್ಲೈ ನಾನಂತೂ ನೋಡಿಲ್ಲ, ಆದರೂ ನನ್ನ ಡಬ್ಬಿಯಲ್ಲಿ ಅದು ಸದಾ ಇರುತ್ತದೆ. ಅಳತೆಯನ್ನು ಮಾತ್ರ ಕೆಡಿಸಬೇಡಿ. ಮಾಮೂಲಿ ಡ್ರೈ ಫ್ಲೈಗೆ, ಅಂದರೆ ತೇಲೋ ಫ್ಲೈಗೆ, ಹ್ಯಾಕಲ್ ಎಳೆಯ ಉದ್ದ ಗಾಳದ ಬಾಯಗಲದ (ಮೊನೆಗೂ ಕಡ್ಡಿಗೂ ನಡುವಿನ ಅಂತರದ) ಸುಮಾರು ಒಂದೂವರೆ ಪಟ್ಟು, ಗಾಳದ ಕಣ್ಣಿನ ಹಿಂದೆ ಗಂಟು ಹಾಕೋಕೆ ಸ್ವಲ್ಪ ಜಾಗ.

ಇನ್ನು ಸಾಲ್ಮನ್ ಮೀನಿಗೆ ಅಂತ ಕಟ್ಟೋ ವಿಕ್ಟೋರಿಯಾ ಕಾಲದ ಫ್ಲೈಗಳು. ಇಲ್ಲಿ ನಮ್ಮ ಪಶ್ಚಿಮ ಘಟ್ಟದ ಕಾಡುಕೋಳಿಯೂ ಬರುತ್ತದೆ. ಹುಂಜದ ಕುತ್ತಿಗೆ ಗರಿಯ ಮೇಲೆ ಮೇಣದ ಹಾಗೆ ಹೊಳೆಯೋ ಚುಕ್ಕೆ ಇರುತ್ತದಲ್ಲ, ಆ ಗರಿಯನ್ನೇ ಫ್ಲೈನ ಕೆನ್ನೆಗೆ ಇಡುತ್ತಾರೆ. ಜಾಕ್ ಸ್ಕಾಟ್ ಅನ್ನೋ ಪ್ರಸಿದ್ಧ ಫ್ಲೈನಲ್ಲೂ ಅದಿದೆ. ನಿಜವಾಗಲೂ ಸುಂದರ. ಆದರೆ ಹಳೇ ರೆಸಿಪಿಯಲ್ಲಿ ಬರೆದ ಹಕ್ಕಿಯದ್ದೇ ಗರಿ ಬೇಕು ಅನ್ನೋ ಹಟ ಎಲ್ಲಿಗೆ ಹೋಗುತ್ತದೆ ಗೊತ್ತಾ? 2009ರಲ್ಲಿ ಇಂಗ್ಲೆಂಡಿನ ಟ್ರಿಂಗ್ ಮ್ಯೂಸಿಯಮ್ಮಿನಿಂದ ಒಬ್ಬ ಫ್ಲೈ ಕಟ್ಟುವವನೇ 299 ಹಕ್ಕಿ ಚರ್ಮ ಕದ್ದ. ಅದನ್ನು ಸಂಪ್ರದಾಯದ ಮೇಲಿನ ಪ್ರೀತಿ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಬಣ್ಣ ಹಾಕಿದ ಟರ್ಕಿ ಗರಿ, ಕೋಳಿ ಗರಿ ಹಾಕಿ ಅದೇ ಫ್ಲೈಗಳನ್ನು ಎಷ್ಟು ಚಂದ ಕಟ್ಟುವವರಿದ್ದಾರೆ! ಕ್ರಿಯೇಟಿವಿಟಿ ನಿಜಕ್ಕೂ ಬೇಕಾಗಿರೋದು ಅಲ್ಲೇ.

ನೀವು ಭಾರತದಲ್ಲಿದ್ದರೆ ಕಾಡುಕೋಳಿ ಗರಿಯ ತಂಟೆಗೇ ಹೋಗಬೇಡಿ, 1972ರ ವನ್ಯಜೀವಿ ಕಾಯ್ದೆ ಅದನ್ನು ಕಾಯುತ್ತಿದೆ. ನಾಟಿ ಹುಂಜದ ಕುತ್ತಿಗೆ ಗರಿ, ಗಿನಿ ಕೋಳಿ ಗರಿ, ಮೋಟರ್ ಬಿಚ್ಚಿದ ತಾಮ್ರದ ತಂತಿ ಇಷ್ಟಿದ್ದರೆ ಕಲಿಯೋಕೆ ಬೇಕಾದಷ್ಟಾಯಿತು. ಒಂದೇ ಪ್ಯಾಟರ್ನ್ ಹಿಡಿದು ಕೈ ಕೂರುವ ತನಕ ಕಟ್ಟಿ, ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮಾಡಿದ್ದನ್ನು ನದಿಗೆ ಒಯ್ಯುವ ಮುಂಚೆ ಗಾಜಿನ ಲೋಟದ ನೀರಿಗೆ ಹಾಕಿ, ಪಕ್ಕದಿಂದಲೂ ಕೆಳಗಿನಿಂದಲೂ ನೋಡಿ. ಮೀನಿಗೆ ಕಾಣೋದು ಆ ಕಡೆಯಿಂದಲೇ ಅಲ್ವಾ.