ಕೆಡಗಾಂವ್‌ನ ಪ್ರಾರ್ಥನೆ, ಕೆಡಗಾಂವ್‌ನ ಮಗ್ಗ

ಓದುಗರ ಪತ್ರ: ನಮ್ಮ ಬೀದಿಯ ಕೊನೆಯಲ್ಲಿ ಪೆಂಟೆಕೋಸ್ಟಲ್ ಕ್ರೈಸ್ತರ ಸಭೆಯೊಂದಿದೆ. ಭಾನುವಾರ ಬಂತೆಂದರೆ ಡ್ರಮ್, ಚಪ್ಪಾಳೆ, ಕೂಗಿ ಕೂಗಿ ಪ್ರಾರ್ಥನೆ. ಇವರಿಂದ ಊರಿಗೆ ಏನು ಉಪಕಾರ? ಸೇವೆ ಮಾಡಿದರೂ ಅದು ಮತಾಂತರಕ್ಕೇ ಅಲ್ವಾ? ಈಗ ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳಿಕೊಡಲು ನನ್ನನ್ನು ಕರೆದಿದ್ದಾರೆ. ಹೋಗಲೋ ಬೇಡವೋ?
– ನಿವೃತ್ತ ಶಿಕ್ಷಕಿ, ಕಾರ್ಕಳ

ಸಂಪಾದಕರ ಉತ್ತರ:

ಟೀಚರ್, ನಮಸ್ಕಾರ.

ಪತ್ರ ಕಾರ್ಕಳದಿಂದ ಬಂದಿದೆ. ಹಾಗಾಗಿ ನಿಮ್ಮ ಊರಿನ ಕಡೆಯಿಂದಲೇ ಶುರುಮಾಡುತ್ತೇನೆ. ನಿಮ್ಮ ತಾಲೂಕಿನ ಮಾಳದ ಅನಂತಶಾಸ್ತ್ರಿ ಡೋಂಗ್ರೆ ಅವರ ವಿಷಯ ನೀವು ಕೇಳಿರುತ್ತೀರಿ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜನರ ವಿರೋಧ ಕಟ್ಟಿಕೊಂಡವರು ಅವರು. ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದರು. 1858ರಲ್ಲಿ ಅಲ್ಲಿ ಹುಟ್ಟಿದ ಮಗಳೇ ಪಂಡಿತಾ ರಮಾಬಾಯಿ.

1870ರ ದಶಕದ ಬರದಲ್ಲಿ ಈ ಸಂಸಾರ ಊರೂರು ಅಲೆಯಿತು. ಎಲೆ ತಿಂದು, ನೀರು ಕುಡಿದು ದಿನ ತಳ್ಳಿದ್ದನ್ನು ರಮಾಬಾಯಿ ಅವರೇ ಬರೆದಿದ್ದಾರೆ. ಅಪ್ಪ, ಅಮ್ಮ, ಅಕ್ಕ ಒಬ್ಬೊಬ್ಬರಾಗಿ ತೀರಿಕೊಂಡರು. 1883ರಲ್ಲಿ ರಮಾಬಾಯಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. 1889ರಲ್ಲಿ ಮುಂಬೈಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು.

1896-97ರಲ್ಲಿ ಮಧ್ಯ ಪ್ರಾಂತ್ಯಕ್ಕೆ ಬರ ಬಿದ್ದಾಗ ರಮಾಬಾಯಿ ಪುಣೆಯಲ್ಲಿ ಸುಮ್ನೆ ಕೂರಲಿಲ್ಲ. ಸ್ವತಃ ಹೋಗಿ ನೂರಾರು ಹುಡುಗಿಯರನ್ನು ಕರೆತಂದರು. ಪುಣೆ ಹತ್ತಿರದ ಕೆಡಗಾಂವ್‌ನಲ್ಲಿ ಮುಕ್ತಿ ಸದನ ಎಂಬ ಆಶ್ರಯಧಾಮ ಬೆಳೆದಿದ್ದು ಹೀಗೆ. 1900ರ ಗುಜರಾತ್ ಬರದ ನಂತರ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರ ಹೋಯಿತು.

ಈಗ ನೀವು ಹೇಳಿದ ಕೂಗಾಟಕ್ಕೆ ಬರೋಣ. 1905ರ ಜೂನ್ ಕೊನೆಯ ಒಂದು ರಾತ್ರಿ. ಹುಡುಗಿಯರು ಮಲಗುವ ಕೋಣೆಯಲ್ಲಿ ಒಬ್ಬಳು ಎದ್ದು ಪ್ರಾರ್ಥನೆಗೆ ತೊಡಗಿದಳು. ಅವಳ ಮೈಗೆ ಬೆಂಕಿ ಹತ್ತಿದೆ ಅಂತ ಇನ್ನೊಬ್ಬಳಿಗೆ ಕಂಡಿತು. ಓಡಿಹೋಗಿ ಬಕೆಟ್‌ನಲ್ಲಿ ನೀರು ತಂದಳು. ಇನ್ನೇನು ಸುರಿಯಬೇಕು ಅನ್ನುವಾಗ ನೋಡಿದರೆ ಬೆಂಕಿ ಇಲ್ಲ! ಅಲ್ಲಿಂದ ಮುಂದೆ ಅಳು, ಕೂಗು, ಜೋರು ಪ್ರಾರ್ಥನೆ ತಿಂಗಳುಗಟ್ಟಲೆ ನಡೆಯಿತು. ಪೆಂಟೆಕೋಸ್ಟಲ್ ಚಳವಳಿ ಹುಟ್ಟಿದ ಜಾಗ ಅಂತ ಎಲ್ಲರೂ ಹೇಳುವ ಲಾಸ್ ಏಂಜಲೀಸ್‌ನ ಅಜೂಸಾ ಸ್ಟ್ರೀಟ್ ಸಭೆಗಳು ಶುರುವಾಗಿದ್ದು ಮರುವರ್ಷ, 1906ರಲ್ಲಿ. ಮುಕ್ತಿಯಲ್ಲಿದ್ದ ಅಮೆರಿಕದ ಮಿಷನರಿ ಮಿನ್ನಿ ಏಬ್ರಮ್ಸ್ ಈ ಅನುಭವದ ಪುಟ್ಟ ಪುಸ್ತಕವೊಂದನ್ನು ದಕ್ಷಿಣ ಅಮೆರಿಕದ ಚಿಲಿಯಲ್ಲಿದ್ದ ಗೆಳತಿಗೆ ಕಳಿಸಿದರು. 1909ರಲ್ಲಿ ಅಲ್ಲೂ ಕಿಡಿ ಹೊತ್ತಿಕೊಂಡಿತು. ರಮಾಬಾಯಿ ಮಾತ್ರ ಯಾವ ಪಂಗಡದ ಹೆಸರನ್ನೂ ಹಚ್ಚಿಕೊಳ್ಳಲಿಲ್ಲ.

ಹೀಗೆ ಕೂಗಿ ಪ್ರಾರ್ಥಿಸಿದ ಹುಡುಗಿಯರೇ ಹಗಲು ಮಗ್ಗದ ಮುಂದೆ ಕೂರುತ್ತಿದ್ದರು. ಹೊಲ, ಹಸು, ಎಣ್ಣೆ ಗಾಣ ನೋಡಿಕೊಳ್ಳುತ್ತಿದ್ದರು. ಕಣ್ಣು ಕಾಣದವರು ಬ್ರೈಲ್ ಓದಲು, ಬುಟ್ಟಿ ಹೆಣೆಯಲು ಕಲಿತರು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದರು. ಅದಕ್ಕೆ ಅಚ್ಚುಮೊಳೆ ಜೋಡಿಸಿದ್ದೂ ಮುಕ್ತಿಯ ಹೆಣ್ಣುಮಕ್ಕಳೇ. ಬರದಲ್ಲಿ ಬೀದಿಗೆ ಬಿದ್ದಿದ್ದ ಹುಡುಗಿ ಮೊಳೆ ಜೋಡಿಸಿ ಪುಟ ಕಟ್ಟುವುದನ್ನು ನೆನೆಸಿಕೊಳ್ಳಿ. ನನಗಂತೂ ಮುಕ್ತಿಯ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ. ಅನ್ನ ಕೊಟ್ಟವರು ಬೇಕಾದಷ್ಟು ಜನ ಇದ್ದಾರೆ. ಕೈಗೆ ಕಸುಬು ಕೊಟ್ಟವರು ಕಡಿಮೆ. 1912ರಲ್ಲಿ ರಮಾಬಾಯಿ ತಮ್ಮ ಮಗಳು ಮನೋರಮಾ ಜೊತೆ ಸೇರಿ ಗುಲಬರ್ಗಾದಲ್ಲೂ ಹೆಣ್ಣುಮಕ್ಕಳ ಶಾಲೆ ತೆರೆದರು.

ಮತಾಂತರದ ಪ್ರಶ್ನೆಯನ್ನು ನೀವು ಎತ್ತಿದ್ದು ಸರಿಯಾಗಿಯೇ ಇದೆ. 1893ರಲ್ಲಿ ರಮಾಬಾಯಿ ಮುಂದೆಯೂ ಇದೇ ಪ್ರಶ್ನೆ ಬಂದಿತ್ತು. ಶಾರದಾ ಸದನದಲ್ಲಿ ಧರ್ಮಬೋಧನೆ ಇರುವುದಿಲ್ಲ ಎಂದಿದ್ದರು. ಆದರೆ ಅವರ ಪ್ರಾರ್ಥನೆಗೆ ಹುಡುಗಿಯರು ಬಂದು ಕೂರತೊಡಗಿದರು. ಬಾಗಿಲು ತೆರೆದಿದೆ, ಬರುವವರನ್ನು ತಡೆಯುವುದಿಲ್ಲ ಎಂಬುದು ರಮಾಬಾಯಿ ವಾದ. ತಿಲಕರ 'ಕೇಸರಿ' ಪತ್ರಿಕೆ ಕಟುವಾಗಿ ಬರೆಯಿತು. ಬೆಂಬಲಕ್ಕಿದ್ದ ಸಮಾಜ ಸುಧಾರಕರಾದ ರಾನಡೆ, ಭಂಡಾರ್ಕರ್ ಅವರೇ ಸಲಹಾ ಸಮಿತಿಯಿಂದ ಹೊರಬಂದರು.

ಒತ್ತಾಯ ಇರಲಿಲ್ಲ ಅಂದುಕೊಳ್ಳೋಣ. ಆದರೂ ಜೀವ ಉಳಿಸಿದವಳು ಪ್ರಾರ್ಥನೆಗೆ ಕೂತಾಗ, ಹೋಗಲು ಬೇರೆ ಮನೆಯೇ ಇಲ್ಲದ ಹುಡುಗಿ 'ನಾನು ಬರಲ್ಲ' ಅನ್ನುವುದು ಸುಲಭವೇ? ಇದು ನನ್ನನ್ನು ಇವತ್ತಿಗೂ ಕಾಡುತ್ತದೆ. ಅಷ್ಟೇ ಕಾಡುವ ಇನ್ನೊಂದು ಮಾತಿದೆ: ಬರದಲ್ಲಿ ಆ ಹುಡುಗಿಯರನ್ನು ಹುಡುಕಿಕೊಂಡು ಹೋದವರು ಎಷ್ಟು ಜನ?

ಇದು ಹಳೇ ಕಥೆ ಮಾತ್ರ ಅಲ್ಲ. ಅಸೆಂಬ್ಲೀಸ್ ಆಫ್ ಗಾಡ್ ಎಂಬ ಪೆಂಟೆಕೋಸ್ಟಲ್ ಪಂಗಡದ ಮಾರ್ಕ್ ಮತ್ತು ಹುಲ್ಡಾ ಬಂಟೈನ್ ದಂಪತಿ 1954ರಲ್ಲಿ ಕಲ್ಕತ್ತಕ್ಕೆ ಬಂದರು. ಬೋಧನೆಗೆಂದು ಬಂದವರು ಮಕ್ಕಳ ಊಟ, ಶಾಲೆ, ಕೊನೆಗೆ ಆಸ್ಪತ್ರೆಯವರೆಗೆ ಹೋದರು.

ನಿಮ್ಮ ಬೀದಿಯ ಸಭೆ ಹೇಗೋ ನಾನು ಕಂಡಿಲ್ಲ. ಡ್ರಮ್ ಸದ್ದು ಜಾಸ್ತಿಯಾದರೆ ಸಭಾಪಾಲಕರ ಹತ್ತಿರ ನೇರವಾಗಿ ಹೇಳಿ. ಅದನ್ನು ಪಾಠದ ವಿಷಯಕ್ಕೆ ಗಂಟುಹಾಕಬೇಡಿ. ಪಾಠಕ್ಕೆ ಹೋಗಿ, ಟೀಚರ್. ಆದರೆ ಒಪ್ಪಿಕೊಳ್ಳುವ ಮೊದಲು ಒಂದು ಮಾತು ಕೇಳಿ: ಪ್ರಾರ್ಥನೆಗೆ ಬಾರದ ಮಗುವಿಗೂ ಅದೇ ಚಾಪೆಯಲ್ಲಿ ಜಾಗ ಇದೆಯಾ? ಇದೆ ಅಂದರೆ ಮರುದಿನವೇ ಸ್ಲೇಟು ಬಳಪ ತೆಗೆದುಕೊಂಡು ಹೊರಡಿ. ತಡವರಿಸಿದರೆ, ಆ ಮಕ್ಕಳನ್ನು ನಿಮ್ಮ ಜಗಲಿಗೇ ಕರೆಯಿರಿ. ಸಭೆಯ ಮಕ್ಕಳೂ ಬರಲಿ.