ಫೋನ್ ಇಟ್ಟ ಮೇಲೆ ಅಳು ಬರುತ್ತೆ, ಏನು ಮಾಡಲಿ?

ಮೇಡಂ, ನಾನು ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಏಳನೇ ಕ್ಲಾಸ್. ಭಾನುವಾರ ಸಂಜೆ ವಾರ್ಡನ್ ಫೋನಿನಿಂದ ಮನೆಗೆ ಮಾತಾಡುತ್ತೇನೆ. ಹಿಂದೆ ಹುಡುಗಿಯರ ಸಾಲು ನಿಂತಿರುತ್ತೆ. ಅಲ್ಲಿ ಅಮ್ಮ ಸ್ಪೀಕರ್ ಹಾಕಿರುತ್ತಾಳೆ. ಅಜ್ಜಿ, ಪಕ್ಕದ ಮನೆಯವರು ಎಲ್ಲರೂ ‘ಊಟ ಆಯ್ತಾ, ಹುಷಾರು’ ಅನ್ನುವಷ್ಟರಲ್ಲಿ ಟೈಮ್ ಮುಗಿಯುತ್ತೆ. ರಾತ್ರಿಯೆಲ್ಲ ಅಳು. ಹೋದ ವಾರ ಆಟ ಇತ್ತು ಅಂತ ಸುಳ್ಳು ಹೇಳಿ ಫೋನೇ ಮಾಡಲಿಲ್ಲ. ಮಾಡುವುದನ್ನೇ ಬಿಟ್ಟುಬಿಡಲಾ?

ಬೇಡ ಪುಟ್ಟಿ, ಬಿಡಬೇಡ. ನೀನು ಮಾಡದ ಭಾನುವಾರ ಅಮ್ಮ ಮೊಬೈಲ್ ಹಿಡಿದುಕೊಂಡೇ ಕೂತಿರುತ್ತಾಳೆ. ಹೇಳಬೇಕು ಅಂದುಕೊಂಡಿದ್ದೆಲ್ಲ ಗಂಟಲಲ್ಲೇ ಉಳಿದರೆ ಯಾರಿಗಾದರೂ ಅಳು ಬರುತ್ತೆ, ಅಲ್ವಾ? ಹಿಂದೆ ಅಷ್ಟು ಜನ, ಆ ಕಡೆ ಇಡೀ ಬೀದಿ! ಅಲ್ಲಿ ಮನಸ್ಸು ಬಿಚ್ಚಿ ಮಾತಾಡೋದು ನನ್ನಿಂದಲೂ ಆಗಲ್ಲ.

ಅದಕ್ಕೇ ಕಾಗದ ಬರೆ. ನಗಬೇಡ. ಪೋಸ್ಟ್ ಆಫೀಸಿನಲ್ಲಿ ನೀಲಿ ಇನ್‌ಲ್ಯಾಂಡ್ ಲೆಟರ್ ಸಿಗುತ್ತೆ, 2.50 ರೂಪಾಯಿ. ಮಡಚಿ ಅಂಚಿಗೆ ಗೋಂದು ಹಚ್ಚಿದರೆ ಆಯ್ತು. ಒಳಗೆ ಬೇರೆ ಚೀಟಿ ಗೀಟಿ ಇಡುವಂತಿಲ್ಲ. ಪಿನ್ ಕೋಡಿನ 6 ಅಂಕಿ ಮರೀಬೇಡ. ದಿನಾ ರಾತ್ರಿ ಎರಡು ಸಾಲು ಸಾಕು: ಯಾರ ಜೊತೆ ಟೂ ಬಿಟ್ಟೆ, ಯಾವ ಲೆಕ್ಕ ಹತ್ತಲಿಲ್ಲ, ಸಾರು ಎಷ್ಟು ನೀರು ನೀರಾಗಿತ್ತು. ಪೋಸ್ಟ್ ಮಾಡಿಸಿ ಅಂತ ವಾರ್ಡನ್‌ಗೆ ಕೊಡು. ಅಮ್ಮನಿಗೆ ಓದೋಕೆ ಬರದಿದ್ದರೆ ಮಾತ್ರ, ಯಾರು ಓದಿ ಹೇಳ್ತಾರೆ ಅಂತ ಯೋಚಿಸಿ ಬರೆ!

ಫೋನಿಗೆ ಒಂದೇ ಸುದ್ದಿ ಇಟ್ಟುಕೋ. ಅಮ್ಮ ಊಟದ ವಿಷಯ ಎತ್ತುವ ಮೊದಲೇ ಹೇಳಿಬಿಡು. ಸಾಲಿನಲ್ಲಿ ಮುಂದೆ ನಿಂತು, ಬೇಗ ಮಾತು ಮುಗಿಸಿ, ಸೀದಾ ಗೆಳತಿಯರ ಜೊತೆ ಆಟಕ್ಕೆ ಓಡು. ಸುಮ್ನೆ ಒಬ್ಬಳೇ ಮಂಚದ ಮೇಲೆ ಹೋಗಿ ಕೂತರೆ ಅಳು ಜಾಸ್ತಿ.

ಆ ಸುಳ್ಳಿಗೆ ತಲೆ ಕೆಡಿಸಿಕೊಳ್ಳಬೇಡ. ‘ಫೋನ್ ಇಟ್ಟ ಮೇಲೆ ಅಳು ಬರುತ್ತೆ ಅಮ್ಮಾ, ಅದಕ್ಕೇ ಮಾಡಲಿಲ್ಲ’ ಅಂತ ಮೊದಲ ಕಾಗದದಲ್ಲೇ ಬರೆ. ಎರಡು ನಿಮಿಷ ಸ್ಪೀಕರ್ ಆಫ್ ಮಾಡು ಅಂತಲೂ ಬರೆ. ಅಮ್ಮನಿಗೆ ಅದು ಹೊಳೆದೇ ಇರಲ್ಲ.

ಇನ್ನೊಂದು ಕೇಳಲೇಬೇಕು. ಅಳು ಮನೆ ನೆನಪಿಗಷ್ಟೇ ತಾನೇ? ಅಲ್ಲಿ ಯಾರಾದರೂ ಹೊಡೆಯುತ್ತಿದ್ದರೆ, ಹೆದರಿಸುತ್ತಿದ್ದರೆ ಭಾನುವಾರದ ತನಕ ಕಾಯಬೇಡ. ನಿನಗೆ ನಂಬಿಕೆಯಿರುವ ಟೀಚರ್‌ಗೆ ಹೇಳು, ಇಲ್ಲಾಂದ್ರೆ 1098ಕ್ಕೆ ಫೋನ್ ಮಾಡು. ಅದು ಮಕ್ಕಳ ಸಹಾಯವಾಣಿ. ರಾತ್ರಿಯೂ ಎತ್ತುತ್ತಾರೆ, ದುಡ್ಡು ಬೀಳಲ್ಲ.